ಎರಡು ಪದರದ ಕಪ್ಪು ಲಂಗ

ಮಾರ್ಚ್ 9, ಭಾನುವಾರ

ಮುದ್ದು ಮಗಳೇ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕುಳಿತಿದ್ದೆ. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ. ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ?

ನನ್ನ ಹೊಟ್ಟೆನೋವಿಗೆ ಕೊನೆಗೂ ಹೆಸರು ಸಿಕ್ಕಿತು: ಎಂಡೊಮೆಟ್ರಿಯೋಸಿಸ್. ಹೇಳಲು ಕಲಿಯುವುದಕ್ಕೇ ಎರಡು ದಿನ ಹಿಡಿಯಿತು. ಹೊಸ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೂ, ಅಂಡಾಶಯದ ಮೇಲೆ, ಕರುಳಿನ ಪಕ್ಕ ಬೆಳೆದಿದೆ. ತಿಂಗಳು ತಿಂಗಳು ಅದೂ ರಕ್ತ ಸುರಿಸುತ್ತದೆ, ಹೊರಬರಲು ದಾರಿಯಿಲ್ಲದೆ ಅಲ್ಲೇ ಬಾತು ಅಂಟಿಕೊಳ್ಳುತ್ತದೆ. ಕೋಟಿನ ಅಸ್ತರು ಹೊರಮೈಯಲ್ಲಿ ಹಬ್ಬಿದ ಹಾಗಾ ಎಂದೆ. "ದರ್ಜಿಗೆ ಬೇಗ ಅರ್ಥ ಆಯ್ತು ನೋಡಿ," ಎಂದು ನಕ್ಕರು. ಆ 'ಬೇಗ'ಕ್ಕೆ ನೋವು ಶುರುವಾದಾಗಿನಿಂದ ಇಪ್ಪತ್ತೆಂಟು ವರ್ಷ ಹಿಡಿಯಿತು.

ನಿನ್ನ ಸೋದರತ್ತೆ ಬಂದವಳೇ, "ಗರ್ಭಕೋಶ ತೆಗೆಸಿ ಬಿಸಾಕು, ಪೀಡೆ ತೊಲಗುತ್ತೆ. ಈ ವಯಸ್ಸಲ್ಲಿ ಅದ್ಯಾಕೆ ನಿಂಗೆ?" ಎಂದಳು. ನಿನ್ನಪ್ಪ ಹೂಂಗುಟ್ಟಿದರು. "ಹೊಟ್ಟೆ ನಂದು, ತೀರ್ಮಾನಾನೂ ನಂದೇ," ಎಂದೆ. ಅದನ್ನು ತೆಗೆಸಿದರೂ ಹೊರಗೆ ಅಂಟಿದ್ದು ಉಳಿದರೆ ನೋವೂ ಉಳಿಯಬಹುದಂತೆ. ಹಾರ್ಮೋನ್ ಮಾತ್ರೆಯಿದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನವಿದೆ, ಸಣ್ಣ ತೂತು ಮಾಡಿ ಅಂಟಿದ್ದನ್ನು ತೆಗೆಯುವ ಆಪರೇಷನ್ ಇದೆ. ಯಾವುದೂ ಮತ್ತೆ ಬರುವುದೇ ಇಲ್ಲವೆಂಬ ಭರವಸೆ ಕೊಡದು. ಮೊದಲು ಆಪರೇಷನ್, ಆಮೇಲೆ ಮಾತ್ರೆ ಎಂದು ನಾನೇ ಆರಿಸಿಕೊಂಡೆ.

ನಮ್ಮ ಹೊಲಿಗೆ ಅಂಗಡಿಯಲ್ಲಿ ರಜೆ ಚೀಟಿಯನ್ನು ಕತ್ತರಿಸುವ ಮೇಜಿನ ಪಕ್ಕದ ಮೊಳೆಗೆ ಸಿಕ್ಕಿಸುವುದು ಪದ್ಧತಿ. 'ಮುಟ್ಟಿನ ನೋವಿಗೆ ಆಪರೇಷನ್' ಎಂದು ಬರೆದ ನನ್ನ ಚೀಟಿ ನೋಡಿ ಮೇಸ್ತ್ರಿಯ ಕಿವಿ ಕೆಂಪಾಯಿತು. "ಬರೀ ಹೊಟ್ಟೆನೋವು ಅಂತ ಬರೀರಿ ಅಕ್ಕ, ಎಲ್ರೂ ಓದ್ತಾರೆ."

"ಓದ್ಲಿ ಅಂತ್ಲೇ ದಪ್ಪಕ್ಷರದಲ್ಲಿ ಬರ್ದಿದ್ದು," ಎಂದು ಮೊಳೆಗೆ ಚುಚ್ಚಿದೆ. ಊಟದ ಹೊತ್ತಿಗೆ ಗುಂಡಿ ಹೊಲಿಯುವವಳು ಮೆಲ್ಲಗೆ ಬಂದು ಡಾಕ್ಟರಮ್ಮನ ವಿಳಾಸ ಬರೆದುಕೊಂಡು ಹೋದಳು.

ಚೆನ್ನಾಗಿರು, ಯಾರಿಗೂ ತಲೆ ತಗ್ಗಿಸಬೇಡ.

ನಿನ್ನ
ಅಮ್ಮ

ತಾ.ಕ.: ಇದು ತಾಯಿಯಿಂದ ಮಗಳಿಗೂ ಬರುವುದುಂಟು ಎಂದು ಡಾಕ್ಟರಮ್ಮ ಹೇಳಿದರು. ಹತ್ತನೇ ತರಗತಿಯಲ್ಲಿ ನೀನು ಬಚ್ಚಲಿನ ನೆಲದ ಮೇಲೆ ಮುದುಡಿ ಬಿದ್ದಿದ್ದೆ. "ನಾಟಕ ಸಾಕು, ನಾನು ಸಹಿಸ್ಕೊಳ್ಳಲಿಲ್ವಾ," ಎಂದು ಎಬ್ಬಿಸಿದೆ. ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ. ಕಲೆ ಕಾಣದಿರಲೆಂದು ಎರಡು ಪದರ ಅಸ್ತರು ಕೊಟ್ಟು ಕಪ್ಪು ಲಂಗ ಹೊಲಿದೆ. ಆಮೇಲೆ ನೀನು ನೋವೆಂದು ನನ್ನ ಹತ್ತಿರ ಹೇಳಲೇ ಇಲ್ಲ. ನಾನು ನನ್ನ ಹೊಲಿಗೆಗೆ ಹೆಮ್ಮೆಪಟ್ಟುಕೊಂಡೆ. ಇಪ್ಪತ್ತೆರಡನೇ ತಾರೀಕು ಡಾಕ್ಟರಮ್ಮ ಪರೀಕ್ಷೆ ಮಾಡುವವರ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ನಿನ್ನದನ್ನೂ ಬರೆಸಿದ್ದೇನೆ. ಆ ಲಂಗ ಬಿಸಾಕಿ ಬಾ ಮಗಳೇ.