ಅಪ್ಪನ ಎರಡು ಉದ್ಯೋಗಗಳು

ಅಪ್ಪಾ,

ಇವತ್ತು ದಾಖಲೆ ಕಚೇರಿಗೆ ಹೋಗಿದ್ದೆ. ಹಳೆಯ ಕಾಗದಗಳನ್ನೆಲ್ಲ ಸೇರಿಸಿ ಪ್ರತಿ ಕುಟುಂಬಕ್ಕೂ ಒಂದೇ ದಾಖಲೆ ಮಾಡುತ್ತಿದ್ದಾರೆ. ನಿನಗೆ ಎರಡು ಉದ್ಯೋಗಗಳಿವೆಯೆಂದು, ಈಗ ನೀನಿಲ್ಲದ ಕಾರಣ ನನ್ನನ್ನು ಕರೆಸಿದ್ದರು. ನನ್ನ ಜನನದ ದಾಖಲೆಯಲ್ಲಿ ನೀನು ಆಸ್ಪತ್ರೆಯ ಶವಾಗಾರದಲ್ಲಿ ಹೆಣ ತೊಳೆಯುವವನು. ನಾನು ಹೈಸ್ಕೂಲು ಸೇರಿದ ಅರ್ಜಿಯಲ್ಲಿ ಅದೇ ಆಸ್ಪತ್ರೆಯ ಗುಮಾಸ್ತ.

"ಮೊದಲನೇದೇ ಸರಿ," ಎಂದೆ. "ಗುಮಾಸ್ತ ಅಂತ ಬರೆದಿದ್ದು ನಾನು. ಹೊಸ ಶಾಲೇಲಿ ಯಾರಿಗೂ ಗೊತ್ತಾಗೋದು ಬೇಡವಾಗಿತ್ತು."

ಕಚೇರಿಯ ಹೆಂಗಸು ಕನ್ನಡಕ ಮೇಲೇರಿಸಿ ನಕ್ಕರು. "ಎಲ್ಲರೂ ಅಪ್ಪನಿಗೆ ಬಡ್ತಿ ಕೊಡಿಸೋಕೆ ಬರ್ತಾರೆ. ನೀವೊಬ್ರು ಇಳಿಸೋಕೆ ಬಂದಿದ್ದೀರಲ್ಲಮ್ಮ!"

ಆಮೇಲೆ ನಿಯಮ ಹೇಳಿದರು. ಜನನದ ದಾಖಲೆಗೆ ಮಾಹಿತಿ ಕೊಟ್ಟವರು ದೊಡ್ಡಪ್ಪ. ಅರ್ಜಿಯ ಕೆಳಗಿರುವುದು ನಿನ್ನದೇ ಸಹಿ. ದಾಖಲೆಗಳು ತಾಳೆಯಾಗದಿದ್ದರೆ ಸ್ವಂತ ಸಹಿ ಇರುವುದನ್ನೇ ಅವರು ನಂಬಬೇಕಂತೆ. ಆಸ್ಪತ್ರೆಯ ಹಾಜರಿ ಪುಸ್ತಕ ತರುತ್ತೇನೆಂದೆ. ಅದು ಹಳೆಯ ಕಟ್ಟಡದ ಜೊತೆಗೇ ಹೋಯಿತಂತೆ.

"ತಪ್ಪಾಗಿದ್ರೆ ಅವರು ಸಹಿ ಹಾಕ್ತಿದ್ರಾ? ಅವರಿಗೆ ಓದೋಕೆ ಬರ್ತಿರಲಿಲ್ವಾ?"

"ಬರ್ತಿತ್ತು," ಎಂದೆ.

ಅವರಿಗೆ ಅಷ್ಟು ಸಾಕಾಯಿತು. ಹೆಣ ತೊಳೆಯುವವನು ಎಂಬುದನ್ನು ಹೊಡೆದುಹಾಕಿ ಮೊಹರು ಒತ್ತಿದರು. ನೀನು ಮೂವತ್ತೊಂದು ವರ್ಷ ಮಾಡಿದ ಕೆಲಸ ಈಗ ಯಾವ ಕಾಗದದಲ್ಲೂ ಇಲ್ಲ.

ನಾನು ಹೈಸ್ಕೂಲಿನ ಅರ್ಜಿ ತುಂಬಿಕೊಟ್ಟ ಆ ಸಂಜೆ ನೀನು ಅದನ್ನು ಮೇಜಿನ ಮೇಲೆ ಹರಡಿಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದೆ. ಒಂದು ಸಾಲಿನಲ್ಲಿ ಬೆರಳು ನಿಂತಿತು. ನಾನು ಪಕ್ಕದಲ್ಲೇ ನಿಂತು ಕಾಯುತ್ತಿದ್ದೆ.

"ಅಕ್ಷರ ದುಂಡಗಿದೆ ಕಣಮ್ಮ," ಎಂದಷ್ಟೇ ಹೇಳಿ ನೀನು ಪೆನ್ನು ಕೇಳಿದೆ.