ಮುಚ್ಚಳದ ಮೇಲಿಟ್ಟ ಓಟು

೨ ಮಾರ್ಚ್ ೧೯೫೭, ಶನಿವಾರ. ಹರಿಹರ

ರೈಲು ಇವತ್ತೂ ತಡ. ದಾವಣಗೆರೆ ಸೇರುವಷ್ಟರಲ್ಲಿ ಮೊದಲ ಪಿರಿಯಡ್ ಮುಗಿದಿತ್ತು. ಪ್ರಿನ್ಸಿಪಾಲರು ಬೈಯಲಿಲ್ಲ. ಇಲೆಕ್ಷನ್ ಡ್ಯೂಟಿಯ ಆರ್ಡರ್ ಕೈಗಿಟ್ಟರು. ಸೋಮವಾರ, ಲೋಕಿಕೆರೆ, ಹೆಂಗಸರ ಬೂತು. ಎಂ.ಎ. ಓದಿ, ಇಪ್ಪತ್ತು ವರ್ಷ ಕಾವ್ಯ ಪಾಠ ಮಾಡಿ, ಈಗ ಬೆರಳಿಗೆ ಶಾಯಿ ಹಚ್ಚುವ ಕೆಲಸ. ಬೇಸರವಿಲ್ಲ. ನಿಜ ಹೇಳಬೇಕೆಂದರೆ ಖುಷಿ.

ಮಧ್ಯಾಹ್ನ ತಾಲ್ಲೂಕು ಕಚೇರಿಯಲ್ಲಿ ತರಬೇತಿ. ನಮ್ಮ ಪ್ರಿಸೈಡಿಂಗ್ ಆಫೀಸರ್ ವಾಮದೇವಪ್ಪ, ರೆವಿನ್ಯೂ ಇಲಾಖೆಯವರು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದಕ್ಕೆ ಅವನ ಗುರುತು ಅಂಟಿಸಿರುತ್ತದೆ. ಚೀಟಿಯ ಮೇಲೆ ಯಾರ ಹೆಸರೂ ಇಲ್ಲ. ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಯ ಸೀಳಿನೊಳಗೆ ಹಾಕಿದರೆ ಆಯಿತು. ಯಾರು ಯಾರಿಗೆ ಹಾಕಿದರೋ, ಚೀಟಿಗೇ ಗೊತ್ತಿರುವುದಿಲ್ಲ. ಚಂದ ಅನ್ನಿಸಿತು.

ಸಂಜೆ ಮಾರ್ಕೆಟ್ಟಿನಲ್ಲಿ ನಾಗಕ್ಕನ ಹತ್ತಿರ ಬೆಣ್ಣೆ ಕೊಂಡೆ. ಅವಳು ಲೋಕಿಕೆರೆಯವಳೇ.

“ನಮ್ಮೂರಿಗೆ ಬರ್ತೀರಾ ಅಕ್ಕೋರೆ! ನಮ್ಮ ಗಂಡಸ್ರು ಏಣಿ ಏಣಿ ಅಂತ ಕುಣಿಯಾಕ ಹತ್ಯಾರೆ. ಹತ್ತೋನು ಸಾಹುಕಾರ, ಬುಡ ಹಿಡ್ಕಂಡು ನಿಲ್ಲೋವು ಇವು!”

ಏಣಿ ಗುರುತಿನ ಸಾಹುಕಾರರ, ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲೇ ಆ ಊರಿನ ಗಂಡಸರಿಗೆಲ್ಲ ಕೂಲಿ. ಎದುರಿಗೆ ನಿಂತಿರುವವರು ಗುತ್ತೆಪ್ಪ, ಗುರುತು ತಕ್ಕಡಿ. ಗೆದ್ದರೆ ಊರೊಳಗೇ ಬಾವಿ ತೋಡಿಸುತ್ತೇನೆ ಎಂದಿದ್ದಾರಂತೆ. ಈಗ ನೀರಿಗೆ ಹಳ್ಳದವರೆಗೆ ಹೋಗಬೇಕು. ನಾಗಕ್ಕ ಬಗ್ಗಿ, ದನಿ ತಗ್ಗಿಸಿ ಕೇಳಿದಳು:

“ಒಳಗೆ ಯಾವುದಕ್ಕೆ ಹಾಕಿದ್ವಿ ಅಂತ ಗಂಡಂಗೆ ಗೊತ್ತಾಗಂಗಿಲ್ಲ, ಹೌದಲ್ರಿ?”

ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಆಣೆ ಹಾಕ್ರಿ ಎಂದಳು. ಹಾಕಿದೆ.

೪ ಮಾರ್ಚ್, ಸೋಮವಾರ

ಬಿಸಿಲಿಗೆ ತಲೆ ಸಿಡಿಯುತ್ತಿದೆ. ಆದರೂ ಬರೆದಿಡಬೇಕು.

ಬೆಳಿಗ್ಗೆ ಲೋಕಿಕೆರೆಯ ಶಾಲೆಯಲ್ಲಿ ಹೆಂಗಸರ ಸಾಲು ಬೇಲಿ ದಾಟಿತ್ತು. ಹೊಸ ಸೀರೆ, ತಲೆತುಂಬ ಹೂವು. ಊರಿಗೆಲ್ಲ ಹಿರಿಯಳು ತಿಮ್ಮವ್ವ. ಮದುವೆಯಿರಲಿ, ಸಾವಿರಲಿ, ಅವಳು ಮುಂದೆ ನಡೆದು ಮಾಡಿ ತೋರಿಸಬೇಕು, ಉಳಿದವರು ಹಾಗೇ ಮಾಡಬೇಕು. ಇಲ್ಲೂ ಅವಳೇ ಮೊದಲು. ಪೆಟ್ಟಿಗೆಯೊಳಗೆ ಹಾಕಮ್ಮ ಎಂದು ಹೇಳಿ ಕಳಿಸಿದೆ. ಹೊರಗೆ ಬಂದವಳು ಸಾಲಿಗೆ ಏನೋ ಹೇಳಿಕೊಡುತ್ತಿದ್ದಳು. ಒಳ್ಳೆಯದೇ ಆಯಿತು ಅಂದುಕೊಂಡೆ.

ಮಧ್ಯಾಹ್ನ ಸಾಲು ಕರಗಿದಾಗ, ನಡುವೆ ಒಮ್ಮೆ ಪೆಟ್ಟಿಗೆ ನೋಡಬೇಕೆಂಬ ನಿಯಮದಂತೆ ಪರದೆಯ ಹಿಂದೆ ಹೋಗಬೇಕಾಯಿತು. ಹೆಂಗಸರ ಜಾಗವೆಂದು ವಾಮದೇವಪ್ಪನವರು ಹೊರಗೇ ನಿಂತರು. ನಾನೇ ಹೋದೆ.

ತಕ್ಕಡಿಯ ಪೆಟ್ಟಿಗೆಗೆ ಅರಿಶಿನ, ಕುಂಕುಮ. ಮುಚ್ಚಳದ ಮೇಲೆ ಚೀಟಿಗಳು, ಒಂದರ ಮೇಲೊಂದು, ಮೇಲೆ ಒಂದು ದಾಸವಾಳ. ಪೂಜೆಗೆ ಪತ್ರೆ ಏರಿಸಿದ ಹಾಗೆ. ಒಳಗೆ ಹಾಕಿಯೇ ಇಲ್ಲ. ತಿಮ್ಮವ್ವ ಸಾಲಿಗೆ ಹೇಳಿಕೊಟ್ಟದ್ದು ಇದು. ಏಣಿಯ ಪೆಟ್ಟಿಗೆಯ ಮೇಲೆ ಒಂದೂ ಇಲ್ಲ... ಇಡೀ ಊರಿನ ಹೆಂಗಸರು ಗಂಡಂದಿರಿಗೆ ಹೂಂ ಅಂದು ಬಂದು, ಇಲ್ಲಿ ಇಷ್ಟು ಧೈರ್ಯ ಮಾಡಿದ್ದರು. ಕಣ್ಣು ತುಂಬಿತು.

ಪರದೆಯ ಹಿಂದಿನಿಂದಲೇ ವಾಮದೇವಪ್ಪನವರನ್ನು ಕೇಳಿದೆ. ಸೀಳಿನೊಳಗೆ ತಳ್ಳಿಬಿಡಲೇ?

“ಬ್ಯಾಡ್ರಿ. ಹೊರಗೆ ಸಿಕ್ಕಿದ್ದೆಲ್ಲ ರದ್ದು. ಎತ್ತಿ ತರ್ರಿ, ಕವರಿಗೆ ಹಾಕಿ ಸೀಲ್ ಮಾಡ್ತೀನಿ. ಯಾವುದರ ಮೇಲಿತ್ತು ಅಂತ ನನಗೂ ಹೇಳಬ್ಯಾಡ್ರಿ.”

“ಮನಸ್ಸಿನಲ್ಲಿ ಏನಿತ್ತು ಅಂತ ಕಣ್ಣಿಗೇ ಕಾಣುತ್ತಿದೆಯಲ್ಲ ಸ್ವಾಮಿ.”

“ಇವತ್ತು ನೀವು ನಿಜ ಕಂಡು ಒಳಗೆ ತಳ್ತೀರಿ. ನಾಳೆ ಇನ್ನೊಬ್ಬ ಕಂಡೆ ಅಂತ ಹೇಳಿ ತಳ್ತಾನೆ. ಆವಾಗ ಯಾರು ತಡೀತಾರ?”

ಅವರು ಹೇಳಿದ್ದು ಸರಿ, ಅದೇ ಸಂಕಟ. ಎತ್ತಿ ತಂದೆ. ಬೆರಳಿಗೆಲ್ಲ ಕುಂಕುಮ. ಉಳಿದ ಹೆಂಗಸರಿಗೆ ಸೀಳು ತೋರಿಸುವ ಹಾಗೆ ಕೈಮಾಡಿ ಕೈಮಾಡಿ ಹೇಳಿದೆ. ಉಳಿದವರಾದರೂ ಎಷ್ಟು ಮಂದಿ!

೮ ಮಾರ್ಚ್, ಶುಕ್ರವಾರ

ಗುತ್ತೆಪ್ಪ ಸೋತರು. ನಮ್ಮ ಕವರಿನಲ್ಲಿದ್ದ ಚೀಟಿಗಳಿಗಿಂತ ಕಡಿಮೆ ಅಂತರ. ಹರಿಹರದ ಬೀದಿಯಲ್ಲಿ ಏಣಿ ಹೊತ್ತ ಮೆರವಣಿಗೆ, ಪಟಾಕಿ. ಕಿಟಕಿ ಹಾಕಿ ಕೂತೆ. ಒಂದು ಪದ್ಯ ಓದಲು ತೆಗೆದೆ. ಓದಲಾಗಲಿಲ್ಲ.

೨೧ ಸೆಪ್ಟೆಂಬರ್, ಶನಿವಾರ

ಇಷ್ಟು ದಿನ ಬರೆಯಲು ಮನಸ್ಸಿರಲಿಲ್ಲ.

ಗುತ್ತೆಪ್ಪನವರು ವಕೀಲ ಅಬ್ದುಲ್ ರಹೀಮರನ್ನು ಕರೆದುಕೊಂಡು ಮನೆಗೇ ಬಂದರು. ಚುನಾವಣೆಯ ಮೇಲೆ ತಕರಾರು ಅರ್ಜಿ ಹಾಕಿದ್ದಾರೆ. ಚಿತ್ರದುರ್ಗದಲ್ಲಿ ವಿಚಾರಣೆ.

“ಚೀಟಿ ಯಾವ ಪೆಟ್ಟಿಗೆ ಮೇಲಿದ್ವು ಅಂತ ನೋಡಿದವರು ತಾವೊಬ್ಬರೇ,” ಎಂದರು ವಕೀಲರು. “ಅದೊಂದು ಮಾತು ಹೇಳ್ರಿ ಸಾಕು. ಜಡ್ಜ್ ಸಾಹೇಬ್ರು ಒಪ್ಪಿದ್ರೆ ಲೋಕಿಕೆರೆಯಾಗ ಮತ್ತೆ ಓಟಿಂಗ್.”

ಗುತ್ತೆಪ್ಪ ಏನೂ ಕೇಳಲಿಲ್ಲ. ಕಾಫಿಯನ್ನೂ ಕುಡಿಯಲಿಲ್ಲ. ಹೊರಡುವಾಗ ಇಷ್ಟೇ: “ನನಗಲ್ಲ ತಾಯಿ. ಆ ಹೆಣ್ಣುಮಕ್ಕಳು ಹಾಕಿದ್ದು ಎಲ್ಲಿಗೂ ಸೇರಲಿಲ್ಲವಲ್ಲ.”

ಬರುತ್ತೇನೆ ಎಂದೆ. ಹಗುರಾಯಿತು.

೧೨ ನವೆಂಬರ್, ಮಂಗಳವಾರ

ನಾಗಕ್ಕ ಬೆಣ್ಣೆ ಬುಟ್ಟಿ ಬಿಟ್ಟು ಸ್ಟೇಷನ್ನಿಗೇ ಓಡಿಬಂದಿದ್ದಳು.

“ಕೋರ್ಟಿಗೆ ಹೋಗ್ತೀರಂತೆ? ತಕ್ಕಡಿ ಮ್ಯಾಲೆ ಇತ್ತು ಅಂತ ನೀವಂದ್ರೆ ನಾವೆಲ್ಲ ಸಿಕ್ಕಿಬಿದ್ದಂಗೇ. ಆವತ್ತೇ ಜಿನ್ನಿನ ಕೂಲಿ ಬಂದ್. ನನ್ ಗಂಡ ಗೋಣೆಪ್ಪ ಮೊದ್ಲೇ ಮುಂಗೋಪಿ, ಹೊಡೆದು ಮನಿ ಬಿಟ್ಟು ಓಡಿಸ್ತಾನೆ.”

“ಹೇಳದಿದ್ದರೆ ನಿಮ್ಮ ಓಟು ಕಸ, ನಾಗಕ್ಕ. ಬಾವಿಯೂ ಇಲ್ಲ.”

“ಓಟು ಹೋದ್ರೆ ಹೋಯ್ತು. ಆಣೆ ಹಾಕಿದ್ರಲ್ಲ ಅಕ್ಕೋರೆ?”

ರೈಲು ಹೊರಟಿತು. ಕಿಟಕಿಯ ಸರಳು ಹಿಡಿದುಕೊಂಡೇ ನಾಲ್ಕು ಹೆಜ್ಜೆ ಬಂದಳು.

ಗುಟ್ಟು ಕಾಯ್ದರೆ ಓಟು ಸಾಯುತ್ತದೆ. ಓಟು ಉಳಿಸಿದರೆ ಹಾಕಿದವಳು... ಯಾರನ್ನು ಕೇಳಲಿ? ವಾಮದೇವಪ್ಪನವರನ್ನು ಕೇಳಿದರೆ ನಿಯಮ ಹೇಳುತ್ತಾರೆ. ನಿಯಮದಲ್ಲಿ ನಾಗಕ್ಕ ಇಲ್ಲ.

೧೪ ನವೆಂಬರ್, ಗುರುವಾರ. ಚಿತ್ರದುರ್ಗದಿಂದ ಬರುವ ಬಸ್ಸಿನಲ್ಲಿ

ಕೋರ್ಟಿನ ಹಿಂಬದಿಯಲ್ಲಿ ಲೋಕಿಕೆರೆಯ ಗಂಡಸರು, ಲಾರಿ ತುಂಬ ಬಂದಿದ್ದವರು. ಹೆಂಗಸರು ಒಬ್ಬರೂ ಇಲ್ಲ. ಪ್ರಮಾಣ ಮಾಡಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದೆ.

ಚೀಟಿಗಳನ್ನು ನೋಡಿದಿರಾ? ನೋಡಿದೆ. ಒಂದೇ ಪೆಟ್ಟಿಗೆಯ ಮೇಲಿದ್ದವೇ? ಹೌದು. ಯಾವ ಪೆಟ್ಟಿಗೆ?

ಜಡ್ಜರು ಪೆನ್ನು ಹಿಡಿದು ಕಾಯುತ್ತಿದ್ದರು. ಒಳ್ಳೆಯ ಮನುಷ್ಯ, ಅವಸರ ಮಾಡಲಿಲ್ಲ.

“ನೆನಪಿಲ್ಲ,” ಎಂದೆ.

ರಹೀಮರು ಕಾಗದ ಮಡಿಸಿ ಕೂತುಬಿಟ್ಟರು. ಹೊರಗೆ ಗುತ್ತೆಪ್ಪ ಎದುರಾದರು, ಕೈಮುಗಿದರು. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ಜೀವಮಾನದಲ್ಲಿ ಮೊದಲ ಸಲ, ಪ್ರಮಾಣ ಮಾಡಿ ಸುಳ್ಳು. ಹೋಗಲಿ. ನಾಗಕ್ಕನ ಸಂಸಾರ ಉಳಿಯಿತು.

೨೩ ನವೆಂಬರ್, ಶನಿವಾರ

ಮಾರ್ಕೆಟ್ಟಿನಲ್ಲಿ ನಾಗಕ್ಕನ ಜಾಗದಲ್ಲಿ ತಿಮ್ಮವ್ವ ಕೂತಿದ್ದಳು. ನಾಗಕ್ಕ ಎಲ್ಲಿ ಎಂದೆ. ಬೆಣ್ಣೆ ತೂಗುತ್ತಲೇ ಹೇಳಿದಳು, ತಲೆ ಎತ್ತಲಿಲ್ಲ.

“ತವರಿಗೆ ಅಟ್ಟ್ಯಾನೆ ಗೋಣೆಪ್ಪ. ಕೂಸನ್ನ ತಾನೇ ಇಟ್ಕಂಡಾನೆ.”

“ಯಾಕೆ? ನಾನು ಹೇಳಲೇ ಇಲ್ಲವಲ್ಲ!”

“ನೀವು ಹೇಳಲಿಲ್ಲ, ಅದಕ್ಕೇ. ಏಣಿ ಮ್ಯಾಲೆ ಇದ್ದಿದ್ರೆ ಅಕ್ಕೋರು ಏಣಿ ಅಂತ ಹೇಳೇ ಹೇಳ್ತಿದ್ರು, ಅದಕ್ಕೇನ್ ಅಂಜಿಕಿ? ನೆನಪಿಲ್ಲ ಅಂದ್ಮ್ಯಾಲೆ ತಿಳೀತಲ್ಲ ಅಂದ್ರು ಗಂಡಸ್ರು. ಲಾರಿ ಇಳಿಯೋ ಮುಂಚೇನೇ ಅಂದ್ರಂತೆ.”

ಬೇರೆ ಮನೆಗಳಲ್ಲಿ ಏನಾಯಿತು ಎಂದು ಕೇಳಲಿಲ್ಲ. ಅವಳ ಕೆನ್ನೆಯ ಮೇಲೂ ಬಾವು ಇತ್ತು. ಈ ವಯಸ್ಸಿನಲ್ಲಿ. ಹೊಡೆದವನು ಮಗನಿರಬೇಕು.

ಗುತ್ತೆಪ್ಪನ ಅರ್ಜಿ ವಜಾ ಆಯಿತೆಂದು ಪೇಪರಿನಲ್ಲಿ ಎರಡು ಸಾಲು ಬಂದಿದೆ. ಚುನಾವಣೆ ಕ್ರಮಬದ್ಧವಾಗಿ ನಡೆದಿದೆಯಂತೆ. ಅದೂ ಸುಳ್ಳಲ್ಲ.

ನಾಗಕ್ಕನ ತವರು ಉಕ್ಕಡಗಾತ್ರಿ. ನಾಳೆ ಭಾನುವಾರ, ಬಸ್ಸಿದೆ. ಹೋಗಬೇಕು. ಎದುರಿಗೆ ಕೂತು ಹೇಳಬೇಕು, ನಾಗಕ್ಕ, ನಾನು ಯಾರಿಗೂ ಹೇಳ... ಈ ವಾಕ್ಯ ಮುಗಿಸಲಾಗುತ್ತಿಲ್ಲ.