ಮೂವತ್ತೊಂದರ ಪಕ್ಕ ಹದಿನಾಲ್ಕು

ಕೀಟಸಂಗ್ರಹ ಕೊಠಡಿ, ಎರಡನೇ ಮಹಡಿ
ಹದಿನೇಳನೇ ತಾರೀಕು, ಸೋಮವಾರ

ಪ್ರೀತಿಯ ಸೂಜಿಯಕ್ಕ,

ನೀವು ನಿವೃತ್ತಿಯಾಗಿ ಹೋದ ಮೇಲೆ ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಆರು ವರ್ಷ ತಡ. ಚೆನ್ನಾಗಿದ್ದೀರಾ ಎಂದು ಕೇಳಲೂ ನಾಚಿಕೆಯಾಗುವಷ್ಟು ತಡ. ನಿಮ್ಮ ಕಣ್ಣಿನ ಆಪರೇಷನ್ ಆಗಿದೆ, ಇನ್ನೊಂದು ತಿಂಗಳು ಓದುವಂತಿಲ್ಲ, ಪತ್ರ ಬಂದರೆ ನಾನೇ ಓದಿ ಹೇಳುತ್ತೇನೆ ಎಂದು ನಿಮ್ಮ ಮಗಳು ಫೋನಿನಲ್ಲಿ ಹೇಳಿದಳು. ಹಾಗಾಗಿ ಇದನ್ನು ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೇ ನಡುನಡುವೆ ವಿವರಿಸಿದರೆ ಬೇಸರಪಡಬೇಡಿ, ಅದು ಅವಳಿಗಾಗಿ. ತನ್ನ ತಾಯಿ ಮೂವತ್ತಾರು ವರ್ಷ ಎಂಥ ಕೆಲಸ ಮಾಡಿದರು ಎಂಬುದನ್ನು ಅವಳೇ ಗಟ್ಟಿಯಾಗಿ ಓದಲಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ನಡುವೆಯೇ ತಡೆದು, "ಅಯ್ಯೋ ಬಿಡಮ್ಮ, ಹಳೇದೆಲ್ಲ ಯಾಕೀಗ" ಅಂದುಬಿಡುತ್ತೀರಿ. ಪತ್ರದ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ.

ವಿಷಯ ಇದು. ನಾನು ಅಪ್ಪನ ಹೆಸರಿಟ್ಟ ಕಣಜ, ಲೋಕಕ್ಕೆ ಹೊಸತೆಂದು ನಾನು ಸಾರಿದ ಮೊಟ್ಟಮೊದಲ ಜೀವಿ, ಹೊಸತೇ ಅಲ್ಲ. ಆ ಹೆಸರನ್ನು ಈಗ ನನ್ನ ಕೈಯಾರೆ ರದ್ದು ಮಾಡಬೇಕಾಗಿದೆ. ಇಪ್ಪತ್ತೆರಡು ವರ್ಷಗಳ ಹಿಂದೆಯೇ ನೀವು ಇದನ್ನು ಹೇಳಿದ್ದಿರಿ. ನಾನು ಕೇಳಿಸಿಕೊಂಡೆ, ಕೇಳಲಿಲ್ಲವೆಂಬಂತೆ ಇದ್ದುಬಿಟ್ಟೆ.

ಮಗಳೇ, ನಾವು ಮಾತಾಡುತ್ತಿರುವ ಹುಳವನ್ನು ನೀನು ಗೋಡೆಯ ಬುಡದಲ್ಲಿ ನೋಡಿರಬಹುದು, ದೊಡ್ಡ ಇರುವೆ ಎಂದುಕೊಂಡಿರಬಹುದು. ಇರುವೆಯಲ್ಲ, ರೆಕ್ಕೆಯಿಲ್ಲದ ಹೆಣ್ಣು ಕಣಜ. ಕೆಂಪು ಎದೆ, ಮಖಮಲ್ಲಿನಂಥ ಕಪ್ಪು ಹೊಟ್ಟೆ, ಅದರ ಮೇಲೆ ಬಿಳಿ ಚುಕ್ಕೆ. ಚೆಂದ ಎಂದು ಮುಟ್ಟಿದರೆ ಕೈ ಊದಿಕೊಳ್ಳುತ್ತದೆ. ಇದರ ಗಂಡಿಗೆ ರೆಕ್ಕೆ ಇರುತ್ತದೆ, ಮೈ ದೊಡ್ಡದು, ಬಣ್ಣ ಬೇರೆ. ಅಕ್ಕಪಕ್ಕ ಇಟ್ಟರೆ ಇವೆರಡೂ ಒಂದೇ ಜಾತಿ ಎಂದು ಯಾರೂ ನಂಬುವುದಿಲ್ಲ. ಅದಕ್ಕೇ ನಮ್ಮ ಪುಸ್ತಕಗಳಲ್ಲಿ ಎಷ್ಟೋ ಕಣಜಗಳಲ್ಲಿ ಹೆಣ್ಣು ಯಾವುದೆಂದು ಮಾತ್ರ ಗೊತ್ತು, ಇನ್ನೆಷ್ಟೋ ಕಣಜಗಳಲ್ಲಿ ಗಂಡು ಮಾತ್ರ.

ನಿಮ್ಮಮ್ಮನ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಕಾಡುಮೇಡಿನಿಂದ ಬಂದ, ಒಣಗಿ ಕಡ್ಡಿಯಾದ ಹುಳಗಳನ್ನು ಒದ್ದೆ ಮರಳಿನ ಡಬ್ಬಿಯಲ್ಲಿ ಎರಡು ದಿನ ಇಟ್ಟು, ಮೆತ್ತಗಾದ ಮೇಲೆ ಕಾಲು ಕಾಲನ್ನೂ ಬಿಡಿಸಿ, ಎದೆಯ ಬಲಭಾಗಕ್ಕೆ ಸರಿಯಾಗಿ ಸೂಜಿ ಚುಚ್ಚಿ ನಿಲ್ಲಿಸುತ್ತಿದ್ದರು. ಅವರು ನಿಲ್ಲಿಸಿದ ಹುಳ ಈಗ ತಾನೇ ನಡೆದು ಬಂದು ನಿಂತ ಹಾಗಿರುತ್ತಿತ್ತು. ನಾನು ಮೊದಲ ವಾರದಲ್ಲೇ ಹದಿನೆಂಟು ಕಾಲು ಮುರಿದಿದ್ದೆ. "ಅವಸರದಮ್ಮ, ಅದು ಸತ್ತಿರೋದು ನಿಜ, ಹಾಗಂತ ನೋಯಿಸ್ಬೇಡ" ಎಂದಿದ್ದರು. ದೊಡ್ಡ ಸಾಹೇಬರು ನಮ್ಮ ಕೊಠಡಿಯನ್ನು ಸತ್ತ ಹುಳದ ಗೋದಾಮು ಎಂದು ಕರೆದಾಗಲೂ ನಿಮ್ಮಮ್ಮ ತಲೆ ಎತ್ತದೆ, "ಬದುಕಿರೋರನ್ನ ಹೊರಗಿಟ್ಟಿದೀವಿ ಸರ್" ಅಂದರು. ಸಾಹೇಬರು ಆಮೇಲೆ ಎರಡು ವರ್ಷ ಮಹಡಿ ಹತ್ತಲಿಲ್ಲ.

ಪ್ರತಿ ಸೂಜಿಯಲ್ಲೂ ಹುಳದ ಕೆಳಗೆ ಚೀಟಿಗಳಿರುತ್ತವೆ. ಸಿಕ್ಕ ಜಾಗ, ದಿನ, ಹಿಡಿದವರು. ಅದರ ಕೆಳಗೆ, ಇದು ಯಾವುದೆಂದು ಗುರುತಿಸಿದವರ ಚೀಟಿ. ಮುಂದಿನವರು ಒಪ್ಪದಿದ್ದರೆ ಇನ್ನೊಂದು. ನಾನು ಕೆಲಸಕ್ಕೆ ಸೇರಿದ ದಿನ ನಿಮ್ಮಮ್ಮ ಹೇಳಿಕೊಟ್ಟ ಮೊದಲ ಪಾಠ ಇದು: "ಚೀಟಿ ಮಾತ್ರ ಕೀಳಬಾರ್ದು ಕಣಮ್ಮ. ತಪ್ಪಿದ್ರೂ ಇರ್ಲಿ. ಅದರ ಕೆಳಗೆ ಸರಿಯಾದ್ದು ಚುಚ್ಚು. ಯಾರು ಎಲ್ಲಿ ಎಡವಿದ್ರು ಅಂತಲೂ ಗೊತ್ತಾಗ್ಬೇಕಲ್ಲ."

ಇಷ್ಟು ಮಗಳಿಗೆ. ಇನ್ನು ಮುಂದಿನದು ನಿಮಗೆ, ಸೂಜಿಯಕ್ಕ.

ಆಗ ನನಗೆ ಇಪ್ಪತ್ತಾರು. ಆ ಹೆಣ್ಣು ಕಣಜವನ್ನು ಹದಿನಾಲ್ಕು ತಿಂಗಳು ನೋಡಿದೆ. ತಲೆಯ ಮೇಲಿನ ಗುಳಿಗಳನ್ನು ಎಣಿಸಿದೆ, ಕೂದಲಿನ ದಿಕ್ಕು ಬರೆದುಕೊಂಡೆ, ಮೀಸೆಯ ಗೆಣ್ಣುಗಳನ್ನು ಒಂದೊಂದಾಗಿ ಅಳೆದೆ. ಹೆಸರಿಡುವುದು ಆಮೇಲಿನ ಮಾತು. ಮೊದಲು ಒಂದು ಜೀವಿಯನ್ನು, ಅದನ್ನು ಕಾಣದವರೂ ಕಾಣುವ ಹಾಗೆ ಬರೆಯಬೇಕು. ನಾನು ಓದಿದ ಯಾವ ಕವಿತೆಯೂ ನನ್ನಿಂದ ಅಷ್ಟು ಹೊತ್ತಿನ ನೋಟವನ್ನು ಕೇಳಿರಲಿಲ್ಲ. ಕೊನೆಗೆ ಒಂದು ಹುಳವನ್ನು ಆರಿಸಿ ಅದಕ್ಕೆ ಕೆಂಪು ಚೀಟಿ ಚುಚ್ಚಿ ಮೂವತ್ತೊಂದನೇ ಪೆಟ್ಟಿಗೆಯಲ್ಲಿಟ್ಟೆ. ಮುಂದೆ ಯಾರಿಗೆ ಅನುಮಾನ ಬಂದರೂ ಆ ಒಂದು ಹುಳವನ್ನೇ ಬಂದು ನೋಡಬೇಕು. ಅಪ್ಪ ತೀರಿಕೊಂಡು ಆಗ ಹನ್ನೊಂದು ತಿಂಗಳು. ಅವರ ಹೆಸರಿನಲ್ಲಿ ನಾನು ಬೇರೇನನ್ನೂ ಮಾಡಿರಲಿಲ್ಲ.

ಲೇಖನ ಅಚ್ಚಾಗಿ ಬಂದ ವಾರವೇ ಪೆಟ್ಟಿಗೆ ತೆರೆದಾಗ, ಕೆಂಪು ಚೀಟಿಯ ಕೆಳಗೆ ಇನ್ನೊಂದು ಚೀಟಿ ಇತ್ತು. ಇರುವೆಯ ಕಾಲಿನಷ್ಟು ಸಣ್ಣ ನಿಮ್ಮ ಅಕ್ಷರ: "ಇದರ ಗಂಡು ೧೪ರಲ್ಲಿ. ಜಾಗ, ವಾರ ನೋಡಿ." ಹದಿನಾಲ್ಕನೇ ಪೆಟ್ಟಿಗೆಯಲ್ಲಿದ್ದುದು ನಾನು ಹುಟ್ಟುವ ಮೊದಲೇ ಯಾರೋ ಹೆಸರಿಟ್ಟ ಒಂದು ಜಾತಿಯ ಗಂಡು ಕಣಜಗಳು. ನಿಮ್ಮ ಮಾತು ನಿಜವಾದರೆ ಎರಡೂ ಒಂದೇ. ಒಂದಕ್ಕೆ ಎರಡು ಹೆಸರಿದ್ದರೆ ಮೊದಲಿಟ್ಟದ್ದು ಉಳಿಯುತ್ತದೆ. ಅಪ್ಪನ ಹೆಸರು ಹೋಗುತ್ತದೆ.

ಕೊಠಡಿಯಲ್ಲಿ ಯಾರೂ ಇರಲಿಲ್ಲ. ನೀವು ಊಟಕ್ಕೆ ಹೋಗಿದ್ದಿರಿ. ನಾನು ಚಿಮಟದಿಂದ ನಿಮ್ಮ ಚೀಟಿಯನ್ನು ಸೂಜಿಯಿಂದ ಕೆಳಗಿಳಿಸಿದೆ. ಹರಿದೆ. ಬುಟ್ಟಿಗೆ ಹಾಕಿದೆ.

ಅಪ್ಪನ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ಉಳಿದರ್ಧವನ್ನು ನಿಮ್ಮ ಮಗಳ ಎದುರೇ ಹೇಳಬೇಕು. ಹತ್ತನೇ ಕ್ಲಾಸು ಓದಿ, ಸೂಜಿ ಚುಚ್ಚುವ ಕೆಲಸಕ್ಕೆ ಸೇರಿದವರು ನನಗೆ ಹೇಳುವುದೇ ಎಂಬ ಉರಿ. ಹದಿನಾಲ್ಕನ್ನು ತೆರೆದೂ ನೋಡಲಿಲ್ಲ.

ಮೂರು ತಿಂಗಳಿಗೊಮ್ಮೆ ಎಲ್ಲ ಪೆಟ್ಟಿಗೆಗಳಿಗೂ ನುಸಿಗುಳಿಗೆ ಇಡುತ್ತಿದ್ದವರು ನೀವು. ಚೀಟಿ ಹೋಗಿರುವುದು ನಿಮಗೆ ಕಾಣದೇ ಇರಲು ಸಾಧ್ಯವಿಲ್ಲ. ನೀವು ಒಂದು ಮಾತೂ ಆಡಲಿಲ್ಲ. ಇನ್ನೊಂದು ಚೀಟಿಯನ್ನೂ ಬರೆಯಲಿಲ್ಲ.

ಹೋದ ತಿಂಗಳು ಹಳೆಯ ಇಟ್ಟಿಗೆಗೂಡಿನ ಮಣ್ಣಿನ ಗೋಡೆಯ ಹತ್ತಿರ ಮಟಮಟ ಮಧ್ಯಾಹ್ನ ಒಬ್ಬಳೇ ನಿಂತಿದ್ದೆ. ದಪ್ಪನೆಯದೇನೋ ತೂಗುತ್ತಾ ಹಾರಿಹೋಯಿತು, ಬಲೆ ಬೀಸಿದೆ. ಬಲೆಯೊಳಗೆ ಎರಡು. ಗಂಡು ಹೆಣ್ಣನ್ನು ಎತ್ತಿಕೊಂಡು ಹಾರುತ್ತಿತ್ತು. ರೆಕ್ಕೆಯಿಲ್ಲದವಳು ತನ್ನ ಬದುಕಿನಲ್ಲಿ ಗಾಳಿಗೇರುವುದು ಹೀಗೆ, ತನ್ನದೇ ಜಾತಿಯ ಗಂಡಿನ ಜೊತೆ ಕೂಡುವಾಗ. ಹೆಣ್ಣು ಅಪ್ಪನ ಹೆಸರಿನದು. ಗಂಡು ಯಾವುದೆಂದು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಆದರೂ ಗೊತ್ತಿಲ್ಲ ಎಂದುಕೊಂಡು ಆಫೀಸಿನವರೆಗೂ ನಡೆದೆ.

ನೋಡಿದವರು ಯಾರೂ ಇರಲಿಲ್ಲ. ಆ ಜೋಡಿಯನ್ನು ಮೂರು ವಾರ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಬೇರೆ ಬೇರೆ ಸೂಜಿಗೆ ಚುಚ್ಚಿ ಬೇರೆ ಬೇರೆ ಪೆಟ್ಟಿಗೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಕೈಯಲ್ಲಿ ಎರಡು ಸೂಜಿ ಹಿಡಿದದ್ದೂ ಉಂಟು.

ಹೋದ ಗುರುವಾರ, ಆದದ್ದಾಗಲಿ, ಹೋಲಿಸಿ ನೋಡೋಣ ಎಂದು ಹದಿನಾಲ್ಕನ್ನು ಹುಡುಕಿದೆ. ಹದಿಮೂರಾದ ಮೇಲೆ ಹದಿನೈದಿತ್ತು. ಆಗ ನೆನಪಾಯಿತು. ಆ ಪೆಟ್ಟಿಗೆ ಯಾವಾಗಲೂ ದಾರಿ ತಪ್ಪಿ ಮೂವತ್ತೊಂದರ ಪಕ್ಕ ಬಂದು ಕೂತಿರುತ್ತಿತ್ತು. "ಯಾರ್ರೀ ಇದನ್ನ ಇಲ್ಲಿಟ್ಟಿದ್ದು, ನಂಬರ್ ಓದಕ್ಕೆ ಬರಲ್ವಾ" ಎಂದು ನಾನು ಕೊಠಡಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ನೀವು, "ನೋಡ್ತೀನಮ್ಮ" ಎಂದು ಎತ್ತಿಕೊಂಡು ಹೋಗುತ್ತಿದ್ದಿರಿ. ತಿಂಗಳು ಕಳೆದರೆ ಮತ್ತೆ ಅಲ್ಲೇ. ಕೊನೆಗೆ ನಾನೇ ಸೋತು ನಂಬರು ನೋಡುವುದನ್ನೇ ಬಿಟ್ಟೆ.

ಗುರುವಾರವೂ ಅದು ಅಲ್ಲೇ ಇತ್ತು, ಮೂವತ್ತೊಂದಕ್ಕೆ ಭುಜ ತಾಗಿಸಿಕೊಂಡು. ನೀವು ಹೋಗಿ ಆರು ವರ್ಷವಾದ ಮೇಲೂ.

ಎರಡೂ ಪೆಟ್ಟಿಗೆಗಳನ್ನು ಕೆಳಗಿಳಿಸಿ ತೆರೆದೆ ಸೂಜಿಯಕ್ಕ. ಹದಿನಾರು ವರ್ಷ ನೀವು ನನ್ನ ಜೊತೆ ಜಗಳವಾಡಲಿಲ್ಲ, ಯಾರ ಹತ್ತಿರವೂ ದೂರಲಿಲ್ಲ, ನನ್ನ ಬಾಯಿಂದ ಬೈಸಿಕೊಂಡಿರಿ, ಮತ್ತೆ ಮತ್ತೆ ಆ ಗಂಡನ್ನು ತಂದು ಅದರ ಹೆಣ್ಣಿನ ಪಕ್ಕ ಇಟ್ಟಿರಿ. ಹನ್ನೊಂದು ಗಂಡುಗಳ ಚೀಟಿ ಓದಿದೆ. ಒಂಬತ್ತು ಅದೇ ಮಣ್ಣಿನ ಗೋಡೆ, ನನ್ನ ಹೆಣ್ಣುಗಳು ಸಿಕ್ಕ ಅದೇ ವಾರಗಳು. ನಾನು ಸೂಕ್ಷ್ಮದರ್ಶಕದಲ್ಲಿ ಹುಳದ ಮೈಯನ್ನು ಹದಿನಾಲ್ಕು ತಿಂಗಳು ನೋಡಿದೆ. ಅದು ಎಲ್ಲಿ ಬದುಕಿತ್ತು, ಯಾರ ಜೊತೆ ಬದುಕಿತ್ತು ಎಂದು ಯೋಚಿಸಿದವರು ನೀವು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಚೆನ್ನಾಗಿ ನೋಡಿದವರನ್ನು ನಾನು ಬೇರೆ ಕಂಡಿಲ್ಲ.

ಅಮ್ಮನಿಗೆ ಶನಿವಾರ ಹೇಳಿದೆ. ಅಪ್ಪನ ಹೆಸರಿನ ಲೇಖನವನ್ನು ಅವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ, ಅದಕ್ಕೇ ಹೆದರಿದ್ದೆ. ಅವರು, "ನಿಮ್ಮಪ್ಪ ಜಿರಳೆ ಕಂಡ್ರೆ ಮಂಚ ಹತ್ತೋರು ಕಣೇ. ಹುಳಕ್ಕೆ ಅವರ ಹೆಸರಿಟ್ಟಿದ್ದೇ ಅವರಿಗೆ ಶಿಕ್ಷೆ. ಬಿಟ್ಬಿಡು ಪಾಪ" ಅಂದರು. ಆಮೇಲೆ ಇಬ್ಬರೂ ಅತ್ತೆವು. ಕಟ್ಟು ಮಾತ್ರ ಗೋಡೆಯಲ್ಲೇ ಇದೆ, ಇಳಿಸಲು ಬಿಡಲಿಲ್ಲ.

ನಿನ್ನೆ ಅಪ್ಪನ ಕಣಜದ ಸೂಜಿಗೆ ಹೊಸ ಚೀಟಿ ಚುಚ್ಚಿದೆ. ಮೂರು ಸಾಲು: "ಇಲ್ಲಿ ಒಂದು ಚೀಟಿ ಇತ್ತು. ಅದು ಸರಿಯಾಗಿತ್ತು. ಕಿತ್ತವಳು ನಾನು." ಕೆಳಗೆ ನನ್ನ ರುಜು, ತಾರೀಕು. ಇದನ್ನು ಯಾರೂ ಕೀಳುವಂತಿಲ್ಲ.

ಜೋಡಿಯ ಬಗ್ಗೆ ಲೇಖನ ಸಿದ್ಧವಿದೆ. ಅದನ್ನು ಬರೆದವರಲ್ಲಿ ಮೊದಲ ಹೆಸರು ನಿಮ್ಮದು, ಎರಡನೆಯದು ನನ್ನದು. ಇದು ಉಪಕಾರವಲ್ಲ, ಕಂಡುಹಿಡಿದವರು ಯಾರೋ ಅವರ ಹೆಸರು ಮೊದಲು, ಅಷ್ಟೇ. ನಿಮ್ಮ ಒಪ್ಪಿಗೆಯಿಲ್ಲದೆ ಕಳಿಸುವುದಿಲ್ಲ. ಬೇಡ ಎನ್ನುವ ಹಕ್ಕು ನಿಮಗಿದೆ, ಆದರೆ ಒಮ್ಮೆ ಮಗಳನ್ನು ಕೇಳಿ ಆಮೇಲೆ ಹೇಳಿ. ಪತ್ರಿಕೆಯವರಿಗೆ ಪೂರ್ತಿ ಹೆಸರು ಬೇಕು. ನಿಮ್ಮದು ಏನೆಂದು ನಮ್ಮ ಕೊಠಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರಿಡುವುದೇ ನಮ್ಮ ಕಸುಬು! ಲಕೋಟೆಯ ಮೇಲೆ ಮಗಳ ಹೆಸರು ಬರೆದಿರುವುದು ಅದಕ್ಕೇ. ಹೇಗೆ ಅಚ್ಚಾಗಬೇಕೋ ಹಾಗೆ ಅವಳ ಕೈಲಿ ಬರೆಸಿ ಕಳಿಸಿ.

ಕ್ಷಮಿಸಿ ಎಂಬ ಮಾತನ್ನು ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಅದನ್ನು ಎದುರಿಗೇ ನಿಂತು ಕೇಳುತ್ತೇನೆ.

ನಿಮ್ಮ ಕಣ್ಣು ಬೇಗ ತಿಳಿಯಾಗಲಿ ಎಂದು ಕಾಯುತ್ತಿರುವ
ನಿಮ್ಮ ಅವಸರದಮ್ಮ

ಮತ್ತೊಂದು ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟಿದ್ದೆ. ಅಪ್ಪನದ್ದಲ್ಲದೆ ನಾನು ಹೆಸರಿಟ್ಟ ಕಣಜಗಳು ಇನ್ನೂ ಆರು ಇವೆ. ಆರೂ ಹೆಣ್ಣು. ಒಂದರ ಗಂಡನ್ನೂ ಈವರೆಗೆ ಯಾರೂ ಗುರುತಿಸಿಲ್ಲ. ಇವತ್ತು ಬೆಳಿಗ್ಗೆ ಕಪಾಟುಗಳ ಮುಂದೆ ನಿಂತು, ಮೊದಲಿನಿಂದ ಕೊನೆಯವರೆಗೆ ಪೆಟ್ಟಿಗೆಗಳ ನಂಬರು ಓದಿದೆ. ಸಾಲು ತಪ್ಪಿ, ನನ್ನ ಆ ಹೆಣ್ಣುಗಳ ಪಕ್ಕ ಬಂದು ಕೂತ ಪೆಟ್ಟಿಗೆಗಳು ಇನ್ನೂ ನಾಲ್ಕಿವೆ. ಒಂದನ್ನೂ ತೆರೆದಿಲ್ಲ, ಒಂದನ್ನೂ ಕದಲಿಸಿಲ್ಲ. ನೀವು ಬನ್ನಿ, ನಿಮ್ಮ ಜೊತೆ ಕೂತು ತೆರೆಯುತ್ತೇನೆ.